ಬಸವನಹುಳು ಬಿಟ್ಟುಹೋದ ಮನೆ

ಸತ್ತ ಬಸವನಹುಳುವಿನ ಚಿಪ್ಪು ಸಿಹಿನೀರಿನಲ್ಲಿ ಬಹುಕಾಲ ಬಾಳುವುದು ಅಪರೂಪ. ಗಾಳಿಯಿಂದ, ಕೊಳೆಯುವ ಎಲೆಕಸದಿಂದ ನೀರಿಗಿಳಿಯುವ ಇಂಗಾಲದ ಡೈಆಕ್ಸೈಡ್ ಅನೇಕ ಹೊಳೆ-ಕೊಳಗಳ ನೀರನ್ನು ತುಸು ಆಮ್ಲೀಯವಾಗಿಸುತ್ತದೆ. ಚಿಪ್ಪು ಸುಣ್ಣಕಲ್ಲಿನದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಮೆಲ್ಲಗೆ ಸವೆದು, ತೆಳುವಾಗಿ, ಒಂದು ದಿನ ನೀರಲ್ಲಿ ನೀರಾಗಿ ಹೋಗುತ್ತದೆ. ಪೂರ್ವ ಆಫ್ರಿಕದ ಟ್ಯಾಂಗನಿಕಾ ಸರೋವರದಲ್ಲಿ ಹೀಗಾಗುವುದಿಲ್ಲ. ಅಲ್ಲಿಯ ನೀರು ಕ್ಷಾರೀಯ, ಪಿಎಚ್ 8.6ರಿಂದ 9.2ರವರೆಗೆ. ಮೇಲಿನ ಪದರಗಳಲ್ಲಿ ಕಾರ್ಬೊನೇಟ್ ಎಷ್ಟು ತುಂಬಿದೆಯೆಂದರೆ ಚಿಪ್ಪು ಕರಗುವ ಮಾತು ಹಾಗಿರಲಿ, ಅದರ ಮೈಮೇಲೆ ಸುಣ್ಣದ ಹೊಸ ಪದರವೇ ಕೂರುತ್ತದೆ. ನಿಯೋಥೌಮಾ ಎಂಬ, ಆ ಸರೋವರ ಬಿಟ್ಟರೆ ಬೇರೆಲ್ಲೂ ಇಲ್ಲದ ಬಸವನಹುಳು ಸತ್ತಾಗ ಅದರ ಚಿಪ್ಪು ತಳದಲ್ಲಿ ಉಳಿಯುತ್ತದೆ. ಅದರ ಮೊಮ್ಮಕ್ಕಳ ಚಿಪ್ಪೂ ಉಳಿಯುತ್ತದೆ. ಹಾಗೆ ಉಳಿದುಳಿದು ಕೆಲವು ಕಡೆ ಸರೋವರದ ತಳವೇ ಚಿಪ್ಪಿನ ಹಾಸಾಗಿದೆ. ರೇಡಿಯೋ ಕಾರ್ಬನ್ ವಿಧಾನದಿಂದ ವಯಸ್ಸು ನೋಡಿದಾಗ ಇವುಗಳಲ್ಲಿ ಸಾವಿರ ವರ್ಷ ದಾಟಿದ ಚಿಪ್ಪುಗಳೂ ಸಿಕ್ಕಿವೆ.

ಸಾವಿರ ವರ್ಷ ಗಟ್ಟಿಯಾಗಿ ನಿಲ್ಲುವ, ಒಂದೇ ಬಾಗಿಲಿನ, ಒಳಗೆ ಸುರುಳಿಯಾಗಿ ಕಿರಿದಾಗುತ್ತ ಹೋಗುವ ಕೋಣೆಗಳು ಲೆಕ್ಕವಿಲ್ಲದಷ್ಟು ಖಾಲಿ ಬಿದ್ದಿದ್ದರೆ ಯಾರಾದರೂ ಬಂದು ಸೇರಲೇಬೇಕಲ್ಲ. ಬಂದು ಸೇರಿದ್ದು ಸಿಕ್ಲಿಡ್ ಕುಟುಂಬದ ಮೀನುಗಳು.

ಈ ಕುಟುಂಬ ನಮಗೆ ಅಪರಿಚಿತವೇನಲ್ಲ. ಕೆರೆಯ ಏರಿಯ ಮೇಲೆ ಜಿಲೇಬಿ ಎಂದು ಮಾರುವ ತಿಲಾಪಿಯಾ ಸಿಕ್ಲಿಡ್. ಅದು ಆಫ್ರಿಕದಿಂದ ಬಂದದ್ದು, ಭಾರತಕ್ಕೆ ತಂದದ್ದು 1952ರಲ್ಲಿ. ನಮ್ಮದೇ ಆದ ಸಿಕ್ಲಿಡ್‌ಗಳು ದೇಶದಲ್ಲಿ ಮೂರೇ ಮೂರು. ಅವುಗಳಲ್ಲಿ ಎಟ್ರೋಪ್ಲಸ್ ಕನರೆನ್ಸಿಸ್ ಎಂಬುದು ಕರಾವಳಿ ಕರ್ನಾಟಕದ ನದಿಗಳಿಗೆ ಮಾತ್ರ ಸೀಮಿತ. ಹೆಸರಿನಲ್ಲೇ ಕೆನರಾ ಇರುವ ಈ ಮೀನನ್ನು ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ. ಟ್ಯಾಂಗನಿಕಾದಲ್ಲಾದರೋ ಈ ಒಂದೇ ಕುಟುಂಬದ 200ಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಅಲ್ಲಿ ಮಾತ್ರ ಇರುವಂಥವು. ಸರೋವರದ ವಯಸ್ಸು ಸುಮಾರು 90 ಲಕ್ಷದಿಂದ 1 ಕೋಟಿ 20 ಲಕ್ಷ ವರ್ಷ, ಉದ್ದ ಸುಮಾರು 670 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಬೀದರಿಗೆ ಹೋದಷ್ಟು. ಅತಿ ಆಳದ ಜಾಗದಲ್ಲಿ 1470 ಮೀಟರ್ ನೀರು ನಿಂತಿದೆ, ಆದರೆ ನೂರಿನ್ನೂರು ಮೀಟರಿನ ಕೆಳಗೆ ಆಮ್ಲಜನಕವಿಲ್ಲ. ಆದ್ದರಿಂದ ಇಷ್ಟೆಲ್ಲ ಮೀನುಗಳ ಬದುಕು ಆ ಬೃಹತ್ ಬೋಗುಣಿಯ ಅಂಚಿನ ಪಟ್ಟಿಯಲ್ಲಿ ಮತ್ತು ಮೇಲ್ಪದರದಲ್ಲಿ ಮಾತ್ರ. ಅಲ್ಲಿ ಬಂಡೆಯ ಸಂದಿಗೆ, ಮರಳಿಗೆ, ಬಯಲು ನೀರಿಗೆ ಒಂದೊಂದು ಬಗೆಯ ಮೀನು ಒಗ್ಗಿಕೊಂಡಿದೆ. ಚಿಪ್ಪಿಗೆ ಒಗ್ಗಿದವು ಹತ್ತಾರು.

ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಮೀನಿಗಿಂತ ಹೆಚ್ಚಾಗಿ ಮನೆಯ ಬಗ್ಗೆ. ಚಿಪ್ಪು ಎಂಬ ಆಸ್ತಿ ಎಷ್ಟಿದೆ, ಯಾವ ಅಳತೆಯದು, ಯಾರ ವಶದಲ್ಲಿದೆ ಎಂಬುದು ಈ ಮೀನುಗಳ ಮೈಯಳತೆಯನ್ನೂ ಸಂಸಾರವನ್ನೂ ಜಗಳವನ್ನೂ ರಾಜಿಯನ್ನೂ ರೂಪಿಸಿದೆ. ಎರಡಡಿ ಗಾಜಿನ ತೊಟ್ಟಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು ಎಂಬುದೇ ಇವನ್ನು ಸಾಕುವುದರ ನಿಜವಾದ ಸೊಗಸು. ತೊಟ್ಟಿಯ ವಿಷಯಕ್ಕೆ ಹೋಗುವ ಮೊದಲು ಸರೋವರದಲ್ಲಿ ಚಿಪ್ಪು ಏನೇನು ಮಾಡಿದೆ ನೋಡೋಣ. ಅದಕ್ಕೆ ಲ್ಯಾಂಪ್ರೊಲೋಗಸ್ ಕ್ಯಾಲಿಪ್ಟೆರಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕ್ಯಾಲಿಪ್ಟೆರಸ್ ಗಂಡು ಹನ್ನೆರಡು ಸೆಂಟಿಮೀಟರ್ ದಾಟುವ ದೃಢಕಾಯದ ಮೀನು. ಹೆಣ್ಣು ಐದಾರು ಸೆಂಟಿಮೀಟರ್. ತೂಕದಲ್ಲಿ ಸರಾಸರಿ ಒಂದು ಗಂಡು ಹನ್ನೆರಡು ಹೆಣ್ಣಿಗೆ ಸಮ. 60 ಕಿಲೋ ತೂಗುವ ಹೆಂಗಸಿನ ಗಂಡ 720 ಕಿಲೋ ಇದ್ದಂತೆ! ಗಂಡು ಹೆಣ್ಣಿಗಿಂತ ದೊಡ್ಡದಾಗಿರುವ ಪ್ರಾಣಿಗಳಲ್ಲಿ ಇಷ್ಟು ಅಂತರ ಬೇರೆಲ್ಲೂ ದಾಖಲಾಗಿಲ್ಲ. ಇಷ್ಟು ಅಂತರವೇಕೆ? ಹೆಣ್ಣು ಮೊಟ್ಟೆಯಿಡುವುದು ಚಿಪ್ಪಿನೊಳಗೆ. ಒಳಗೆ ಹೋಗಿ, ಮೊಟ್ಟೆಗಳನ್ನು ಅಂಟಿಸಿ, ಮರಿಗಳಾಗುವವರೆಗೆ ಹತ್ತಾರು ದಿನ ಅಲ್ಲೇ ಕಾವಲು ಕೂರಬೇಕು. ಆದ್ದರಿಂದ ಅವಳ ಬೆಳವಣಿಗೆಗೆ ಚಿಪ್ಪಿನ ಬಾಯಿಯೇ ಮಿತಿ. ಚಿಪ್ಪುಗಳು ದೊಡ್ಡದಾಗಿರುವ ಕಡೆ ಹೆಣ್ಣುಗಳೂ ದೊಡ್ಡದಾಗಿವೆ. ಗಂಡಿನ ಕೆಲಸ ಬೇರೆಯೇ: ಖಾಲಿ ಚಿಪ್ಪುಗಳನ್ನು ಬಾಯಲ್ಲಿ ಕಚ್ಚಿ ಹೊತ್ತು ತಂದು ಒಂದೆಡೆ ಗುಡ್ಡೆ ಹಾಕುವುದು. ಒಳಗೆ ಹೋಗುವುದು ಚಿಕ್ಕದಾಗಿರಬೇಕು, ಹೊರುವುದು ದೊಡ್ಡದಾಗಿರಬೇಕು; ಒಂದೇ ಜಾತಿಯ ಗಂಡು-ಹೆಣ್ಣುಗಳನ್ನು ಚಿಪ್ಪು ಎರಡು ದಿಕ್ಕಿಗೆ ಎಳೆದಿದೆ.

ಜಪಾನಿನ ತೆತ್ಸು ಸಾತೊ 1994ರಲ್ಲಿ ಈ ಚಿಪ್ಪು ಸಂಗ್ರಹದ ಬಗ್ಗೆ ವಿವರವಾಗಿ ಬರೆದರು. ಆಮೇಲೆ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಮೈಕೆಲ್ ಟಾಬೋರ್ಸ್ಕಿ ಮತ್ತು ಸಂಗಡಿಗರು ಜಾಂಬಿಯಾದ ಎಂಪುಲುಂಗು ಬಳಿ ನೀರಿಗಿಳಿದು ವರ್ಷಗಟ್ಟಲೆ ಇದನ್ನೇ ನೋಡಿದ್ದಾರೆ. ಹೆಚ್ಚು ಚಿಪ್ಪುಗಳಿದ್ದ ಗುಡ್ಡೆಗೆ ಹೆಚ್ಚು ಹೆಣ್ಣುಗಳು ಬರುತ್ತವೆ. ಬಲಿಷ್ಠ ಗಂಡಿನ ಬಳಿ ಒಂದೇ ಸಲಕ್ಕೆ ಹತ್ತಕ್ಕೂ ಮಿಕ್ಕಿ ಹೆಣ್ಣುಗಳು ಕಾವು ಕೂರುವುದುಂಟು. ಚಿಪ್ಪು ಹುಡುಕಿ ತರುವುದಕ್ಕಿಂತ ಪಕ್ಕದವನ ಗುಡ್ಡೆಯಿಂದ ಕದಿಯುವುದು ಸುಲಭ. ಕದ್ದ ಚಿಪ್ಪಿನೊಳಗೆ ಆ ಪಕ್ಕದವನ ಹೆಣ್ಣು, ಅವನ ಮೊಟ್ಟೆಗಳು ಇರಬಹುದು. ಹೊಸ ಗಂಡು ಇಡೀ ಗುಡ್ಡೆಯನ್ನೇ ವಶಪಡಿಸಿಕೊಂಡಾಗಲಂತೂ ಒಳಗಿದ್ದ ಹೆಣ್ಣುಗಳನ್ನು ಹೊರದೂಡುತ್ತದೆ, ಮರಿಗಳು ನಾಶವಾಗುತ್ತವೆ.

ಈ ದೈತ್ಯರ ನಡುವೆ ಇನ್ನೊಂದು ಬಗೆಯ ಗಂಡು ಬದುಕುತ್ತದೆ. ಹೆಣ್ಣಿಗಿಂತಲೂ ಎಷ್ಟೋ ಚಿಕ್ಕದು, ದೈತ್ಯ ಗಂಡಿನ ತೂಕದ ನೂರಕ್ಕೆ ಎರಡು-ಮೂರು ಪಾಲು. ಇದು ಚಿಪ್ಪು ಹೊರುವುದಿಲ್ಲ, ಗುಡ್ಡೆ ಕಾಯುವುದಿಲ್ಲ. ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ಅವಳ ಪಕ್ಕದಿಂದ ನುಸುಳಿ, ಅವಳನ್ನೂ ದಾಟಿ ಸುರುಳಿಯ ತುದಿಗೆ ಹೋಗಿ ಕೂರುತ್ತದೆ. ದೈತ್ಯ ಗಂಡು ವೀರ್ಯವನ್ನು ಚಿಪ್ಪಿನ ಬಾಯಲ್ಲಿ ಬಿಡಬೇಕು. ಈ ಕುಳ್ಳ ಮೊಟ್ಟೆಗಳ ಮಗ್ಗುಲಲ್ಲೇ ಇರುತ್ತದೆ. ಇದು ಬೆಳೆಯುವ ಹಂತದ ಮರಿಗಂಡಲ್ಲ. ಜೀವನಪೂರ್ತಿ ಕುಳ್ಳಗೇ ಉಳಿಯುತ್ತದೆ. ದೈತ್ಯನ ಗಂಡುಮಕ್ಕಳು ದೈತ್ಯರು, ಕುಳ್ಳನ ಗಂಡುಮಕ್ಕಳು ಕುಳ್ಳರು ಎಂಬುದು, ಅಂದರೆ ಈ ಗುಣ ತಂದೆಯಿಂದ ಮಗನಿಗೆ ವೈ ವರ್ಣತಂತುವಿನ ಮೂಲಕ ಇಳಿಯುತ್ತದೆ ಎಂಬುದು 2014ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಖಚಿತವಾಯಿತು. ಸುರುಳಿಯ ತುದಿಯಲ್ಲಿ ಒಂದಿಷ್ಟು ಖಾಲಿ ಜಾಗ ಇಲ್ಲದಿದ್ದರೆ ಈ ಕುಳ್ಳರ ವಂಶಕ್ಕೆ ಎಡೆಯೇ ಇರುತ್ತಿರಲಿಲ್ಲ. ಒಂದು ಹುಳು ತನ್ನ ಮೈಗಾಗಿ ಕಟ್ಟಿಕೊಂಡ ಗೋಡೆಯ ಆಕಾರ ಇನ್ನೊಂದು ಪ್ರಾಣಿಯ ವರ್ಣತಂತುವಿನಲ್ಲಿ ಅಚ್ಚೊತ್ತಿದೆ. ವಿಕಾಸವನ್ನು ವಿವರಿಸುವಾಗ ನಾವು ಹವೆ, ಆಹಾರ, ಶತ್ರುಗಳ ಬಗ್ಗೆ ಮಾತಾಡುತ್ತೇವೆ. ವಾಸದ ಮನೆಯೊಂದು ಇಷ್ಟು ಮಾಡಬಲ್ಲದು ಎಂಬುದನ್ನು ಶಾಲೆಯ ಪಾಠಗಳಲ್ಲಿ ಹೇಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕ್ಯಾಲಿಪ್ಟೆರಸ್ ಮನೆಯ ತೊಟ್ಟಿಗೆ ಹೇಳಿದ್ದಲ್ಲ. ಅದಕ್ಕೆ ಬಹಳ ಜಾಗ ಬೇಕು. ಮನೆಗೆ ತಕ್ಕದ್ದು ಅದರ ಪುಟ್ಟ ಬಂಧು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯಾಟಸ್. ಹವ್ಯಾಸಿಗಳ ಬಾಯಲ್ಲಿ ಬರೀ ಮಲ್ಟಿ. ಬೂದು ಮೈ, ಉದ್ದಕ್ಕೂ ತೆಳ್ಳನೆಯ ಅಡ್ಡಪಟ್ಟೆಗಳು, ಕಣ್ಣಿನಲ್ಲಿ ನೀಲಿ ಹೊಳಪು. ಸರೋವರದಲ್ಲಿ ಗಂಡು ಮೂರು ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ಚಿಕ್ಕದು; ತೊಟ್ಟಿಯಲ್ಲಿ ಹೊಟ್ಟೆತುಂಬ ತಿಂದು ತುಸು ಹೆಚ್ಚು ಬೆಳೆಯುತ್ತವೆ. ಜಗತ್ತಿನ ಅತಿ ಚಿಕ್ಕ ಸಿಕ್ಲಿಡ್‌ಗಳಲ್ಲಿ ಇದೂ ಒಂದು. ಕನಿಂಗ್‌ಟನ್ ಎಂಬಾತ 1904-05ರ ಟ್ಯಾಂಗನಿಕಾ ಯಾತ್ರೆಯಲ್ಲಿ ಸಂಗ್ರಹಿಸಿ ತಂದ ಮೀನುಗಳನ್ನು ನೋಡಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಬೂಲೆಂಜರ್ 1906ರಲ್ಲಿ ಇದಕ್ಕೆ ಹೆಸರಿಟ್ಟ. ಸೀಸೆಯಲ್ಲಿ ಬಂದ ಮೀನು ತನ್ನ ಸಂಸಾರದ ಸುದ್ದಿ ಹೇಳುವುದಿಲ್ಲ. ಅದನ್ನು ತಿಳಿಯಲು ಬದುಕಿರುವ ಮೀನನ್ನೇ ನೋಡಬೇಕಾಯಿತು.

ಮಲ್ಟಿಗಳು ಚಿಪ್ಪು ಹೊರುವುದಿಲ್ಲ, ಅಷ್ಟು ಶಕ್ತಿ ಅವಕ್ಕಿಲ್ಲ. ಬದಲಿಗೆ ಅಗೆಯುತ್ತವೆ. ಮರಳಲ್ಲಿ ಹೂತುಹೋದ ಚಿಪ್ಪುಗಳ ಸುತ್ತಲಿನ ಮರಳನ್ನು ಬಾಯಿತುಂಬ ಎತ್ತಿ ದೂರ ಉಗುಳಿ, ಮೈ ಅಲುಗಿಸಿ ತೂರಿ, ತಗ್ಗು ತೋಡಿ ಚಿಪ್ಪುಗಳನ್ನು ಬಯಲಿಗೆಳೆಯುತ್ತವೆ. ಅಂಥ ಒಂದೊಂದು ತಗ್ಗು ಒಂದೊಂದು ಕೂಡುಕುಟುಂಬ: ಒಂದು ಹಿರಿಯ ಗಂಡು, ಕೆಲವು ಹೆಣ್ಣುಗಳು, ಕೆಲವೊಮ್ಮೆ ಇನ್ನೂ ಒಂದೆರಡು ಗಂಡುಗಳು, ಬೇರೆ ಬೇರೆ ಸಲ ಹುಟ್ಟಿದ ಮರಿಗಳು. ಚಿಪ್ಪು ಮಾತ್ರ ಪಾಲಲ್ಲ. ಒಬ್ಬೊಬ್ಬರದು ಒಂದೊಂದು, ಪ್ರತಿ ಹೆಣ್ಣಿಗೂ ತನ್ನ ಚಿಪ್ಪಿನ ಸುತ್ತ ಒಂದು ಅಂಗಳ. ಗಂಡಿನ ಸರಹದ್ದು ಅವೆಲ್ಲವನ್ನೂ ಒಳಗೊಂಡದ್ದು.

ಜರ್ಮನಿಯಲ್ಲಿ ಶ್ರಾಡಿನ್ ಮತ್ತು ಲಾಂಪ್ರೆಕ್ಟ್ ಎಂಬಿಬ್ಬರು ತೊಟ್ಟಿಗಳಲ್ಲಿ ಇಂಥ ಗುಂಪುಗಳನ್ನು ಸಾಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ. ಇವುಗಳಲ್ಲಿ ಹುಟ್ಟಿದ ಮನೆ ಬಿಟ್ಟು ಬೇರೆ ಗುಂಪಿಗೆ ಹೋಗುವವು ಹೆಚ್ಚಾಗಿ ಹೆಣ್ಣುಗಳು. ಹೊಸದಾಗಿ ಬಂದವಳನ್ನು ಅಲ್ಲಿಯ ಹಳೆಯ ಹೆಣ್ಣುಗಳು ಅಟ್ಟಿ ಓಡಿಸಲು ನೋಡುತ್ತವೆ. ಆಗ ಗಂಡು ನಡುವೆ ಬಂದು, ಮೇಲೆ ಬಿದ್ದವಳನ್ನು ತಡೆಯುತ್ತದೆ. ಗಂಡನ್ನು ತೆಗೆದುಬಿಟ್ಟರೆ ಹೆಣ್ಣುಗಳ ನಡುವಿನ ಜಗಳ ಏರುತ್ತದೆ. ಹೊಸ ಹೆಣ್ಣು ನೆಲೆಯೂರಿದರೆ ಗಂಡಿಗೆ ಲಾಭವಿದೆ ಎಂಬುದು ನಿಜ. ಆದರೂ ಕಿರುಬೆರಳಿನ ಅರ್ಧದಷ್ಟಿರುವ ಮೀನೊಂದು ಇಬ್ಬರ ಜಗಳವನ್ನು ಗುರುತಿಸಿ, ಯಾರನ್ನು ತಡೆಯಬೇಕೆಂದು ತೀರ್ಮಾನಿಸಿ, ಮಧ್ಯೆ ಹೋಗಿ ನಿಲ್ಲುವುದನ್ನು ನೋಡಿದವರು ಮೀನಿನ ಬುದ್ಧಿಯ ಬಗ್ಗೆ ಮತ್ತೆ ಹಗುರಾಗಿ ಮಾತಾಡಲಾರರು. ಇದನ್ನು ನೋಡಲು ಜರ್ಮನಿಗೆ ಹೋಗಬೇಕಿಲ್ಲ. ತೊಟ್ಟಿಯ ಮುಂದೆ ಅಲುಗಾಡದೆ ಕೂರುವ ತಾಳ್ಮೆ ಇದ್ದರೆ ಸಾಕು.

ಇನ್ನು ತೊಟ್ಟಿಗೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ, ಸುಮಾರು 50 ಲೀಟರ್ ಹಿಡಿಯುವ ತೊಟ್ಟಿ ಒಂದು ಮಲ್ಟಿ ಗುಂಪಿಗೆ ಸಾಕು. ಎತ್ತರ ಮುಖ್ಯವಲ್ಲ, ಇವು ತಳ ಬಿಟ್ಟು ಮೇಲೇಳುವುದು ಕಡಿಮೆ. ತಳದ ವಿಸ್ತಾರವೇ ಇವುಗಳ ಭೂಮಿ. ಗಾಳಿಯ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಒಳ್ಳೆಯದು, ಮರಿಗಳನ್ನು ಅದು ಒಳಕ್ಕೆಳೆಯುವುದಿಲ್ಲ. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಇರಲಿ. ಬೆಂಗಳೂರು, ಮೈಸೂರಿನ ಚಳಿಗಾಲದ ರಾತ್ರಿಗಳಿಗೆ ಒಂದು ಚಿಕ್ಕ ಹೀಟರ್ ಬೇಕಾಗುತ್ತದೆ, ಕರಾವಳಿಯಲ್ಲಿ ಬೇಡ. ಮರಳು ನುಣುಪಾಗಿರಬೇಕು, ಕನಿಷ್ಠ ಎರಡಂಗುಲ ದಪ್ಪ ಹಾಸಬೇಕು. ಮನೆ ಕಟ್ಟುವ ಎಂ-ಸ್ಯಾಂಡ್ ಕಲ್ಲು ಒಡೆದು ಮಾಡಿದ್ದು, ಕಣಗಳ ಅಂಚು ಚೂಪು. ದಿನವಿಡೀ ಮರಳನ್ನು ಬಾಯಲ್ಲಿ ಹೊರುವ ಪ್ರಾಣಿಗೆ ಅದು ಸಲ್ಲದು.

ನೀರಿನ ವಿಷಯಕ್ಕೆ ಬಂದರೆ ನಮ್ಮ ಬಯಲುಸೀಮೆಯವರಿಗೆ ಅದೃಷ್ಟ ಒಲಿದಿದೆ. ಬೋರ್‌ವೆಲ್ ನೀರು ಗಡಸು, ಬಿಂದಿಗೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಗೀಸರ್ ಹಾಳಾಗುತ್ತದೆ ಎಂದು ಮನೆಮನೆಯಲ್ಲಿ ದೂರು. ಅಮೆಜಾನಿನ ಮೃದು ನೀರಿನ ಮೀನು ಸಾಕುವವರು ಆ ನೀರಿಗೆ ಆರ್‌ಓ ಯಂತ್ರ ಹಾಕಿಸುತ್ತಾರೆ. ಟ್ಯಾಂಗನಿಕಾದ ಮೀನಿಗೆ ಬೇಕಾದದ್ದು ಆ ಗಡಸೇ. ಸರೋವರದ ನೀರಿನಲ್ಲಿ ಮೆಗ್ನೀಸಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಬಹಳ. ನಮ್ಮ ಬೋರ್‌ವೆಲ್ ನೀರು ಅದರ ನಕಲಲ್ಲ, ಆದರೆ ಪಿಎಚ್ಚನ್ನು ಕುಸಿಯದಂತೆ ಹಿಡಿದಿಡುವ ಬೈಕಾರ್ಬೊನೇಟ್ ಅದರಲ್ಲಿ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಭೂಮಿಯಿಂದ ಆಗಷ್ಟೇ ಬಂದ ನೀರಿನ ಪಿಎಚ್ ನೋಡಿ ನಿರಾಶರಾಗುವುದು ಬೇಡ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಒಂದು ದಿನ ಗಾಳಿಯಾಡಿಸಿ ಅಳೆದರೆ ಅಂಕಿ ಮೇಲೇರಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆಯೇ ಎಂದು ಮಾತ್ರ ಪರೀಕ್ಷಿಸಿಕೊಳ್ಳಬೇಕು, ಬೇಸಾಯದ ಊರುಗಳಲ್ಲಿ ಅದು ಇರುವುದುಂಟು. ನಲ್ಲಿ ನೀರಾದರೆ ಕ್ಲೋರಿನ್ ಕಳೆಯಬೇಕು.

ಮಂಗಳೂರು, ಉಡುಪಿಯ ಕಡೆಯ ಮುರಕಲ್ಲಿನ ನೆಲದ ಬಾವಿಗಳ ಕಥೆ ಪೂರಾ ತಿರುಗುಮುರುಗು. ಅಲ್ಲಿಯ ನೀರು ಮೃದು, ಎಷ್ಟೋ ಕಡೆ ಆಮ್ಲೀಯ. ಅಲ್ಲಿಯವರು ನೀರನ್ನು ತಯಾರಿಸಿಕೊಳ್ಳಬೇಕು: ಅಡುಗೆ ಸೋಡಾ ಬೈಕಾರ್ಬೊನೇಟ್ ಕೊಡುತ್ತದೆ, ಎಪ್ಸಮ್ ಉಪ್ಪು ಮೆಗ್ನೀಸಿಯಂ ಕೊಡುತ್ತದೆ. ಎರಡನ್ನೂ ಬದಲಿಸುವ ನೀರಿನಲ್ಲಿ ಮೊದಲೇ ಕರಗಿಸಿಟ್ಟು ಹಾಕಬೇಕೇ ಹೊರತು ತೊಟ್ಟಿಗೆ ನೇರ ಸುರಿಯಬಾರದು. ಕರಾವಳಿಯಲ್ಲಿ ಸಿಗುವ ಕಪ್ಪೆಚಿಪ್ಪನ್ನು ಕುಟ್ಟಿ ಮರಳಿಗೆ ಬೆರೆಸಿದರೂ ಆದೀತು. ಆದರೆ ಸುಟ್ಟ ಸುಣ್ಣ ಖಂಡಿತ ಕೂಡದು. ಅದು ನೀರಿನೊಡನೆ ಸೇರಿ ಪಿಎಚ್ಚನ್ನು ಒಮ್ಮೆಲೇ ಮೀನು ಸಾಯುವ ಮಟ್ಟಕ್ಕೆ ಒಯ್ಯುತ್ತದೆ. ಹವಳದ ಚೂರು ಬಳಸಿ ಎಂದು ವಿದೇಶಿ ಪುಸ್ತಕಗಳಲ್ಲಿ ಓದಿ ಅದನ್ನು ಹುಡುಕುವವರಿದ್ದಾರೆ. ನಮ್ಮಲ್ಲಿ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮುಟ್ಟುವಂತಿಲ್ಲ, ಮುಟ್ಟುವ ಅಗತ್ಯವೂ ಇಲ್ಲ.

ಕ್ಷಾರೀಯ ನೀರಿಗೆ ಒಂದು ಅಪಾಯವಿದೆ. ಇದನ್ನು ಅರಿಯದೆ ಈ ಮೀನುಗಳನ್ನು ಕಳೆದುಕೊಳ್ಳುವವರೇ ಹೆಚ್ಚು, ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ಮೀನು ತನ್ನ ಕಿವಿರುಗಳಿಂದ ಅಮೋನಿಯ ಹೊರಹಾಕುತ್ತದೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಹುಟ್ಟುತ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಒಂದು ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡ ಅಮೋನಿಯಂ, ಅದು ಮೀನಿಗೆ ಹೆಚ್ಚು ತೊಂದರೆ ಮಾಡದು; ಇನ್ನೊಂದು ಬರಿಯ ಅಮೋನಿಯ, ಅದು ಕಿವಿರಿನ ಪೊರೆಯನ್ನು ಸಲೀಸಾಗಿ ದಾಟಿ ರಕ್ತಕ್ಕೆ ಸೇರುವ ವಿಷ. ಯಾವ ರೂಪ ಎಷ್ಟು ಎಂಬುದನ್ನು ನಿರ್ಧರಿಸುವುದು ಪಿಎಚ್. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7ರಲ್ಲಿ ವಿಷರೂಪದ ಪಾಲು ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8ರಲ್ಲಿ ಅದು ಶೇಕಡಾ 5ರ ಆಸುಪಾಸು. ಪಿಎಚ್ 9ರಲ್ಲಿ ಮೂರರಲ್ಲೊಂದು ಪಾಲನ್ನೂ ಮೀರುತ್ತದೆ. ಬೇರೆ ಮೀನಿನ ತೊಟ್ಟಿಯಲ್ಲಿ ಸಹ್ಯವಾಗುವ ಹೊಲಸು ಇಲ್ಲಿ ಕೊಲ್ಲುತ್ತದೆ.

ಪರಿಹಾರವೆಂದರೆ ಮೀನು ತರುವ ಮೊದಲೇ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳನ್ನು ನೆಲೆಗೊಳಿಸುವುದು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ಸ್ಪಂಜಿನಲ್ಲಿ, ಮರಳಿನಲ್ಲಿ, ಚಿಪ್ಪುಗಳ ಮೈಮೇಲೆ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ, ಆರೋಗ್ಯವಂತ ತೊಟ್ಟಿಯಿಂದ ಒಂದು ಸ್ಪಂಜು ಸಿಕ್ಕರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಪರೀಕ್ಷೆಯ ದ್ರಾವಣದಲ್ಲಿ ಅಮೋನಿಯವೂ ನೈಟ್ರೈಟೂ ಸೊನ್ನೆ ತೋರಿಸಿದ ಮೇಲೆಯೇ ಮೀನು. ಆಮೇಲೆ ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ಬದಲಿಸಿದರೆ ಸಾಕು, ಹೊಸ ನೀರು ಹಳೆಯದಕ್ಕೆ ಹೊಂದುವಂತಿರಬೇಕು.

ಚಿಪ್ಪುಗಳು ಎಲ್ಲಿಂದ? ನಿಯೋಥೌಮಾ ಚಿಪ್ಪು ನಮಗೆ ಸಿಗುವುದಿಲ್ಲ. ಯುರೋಪಿನವರು ತಾವು ತಿನ್ನುವ ಬಸವನಹುಳುವಿನ ಚಿಪ್ಪು ಬಳಸುತ್ತಾರೆ. ನಮ್ಮ ಭತ್ತದ ಗದ್ದೆಗಳಲ್ಲಿ, ಕೆರೆಯಂಚಿನಲ್ಲಿ ಬೇಸಿಗೆಗೆ ಬಿಳುಚಿ ಬಿದ್ದಿರುವ ಪೈಲಾ ಬಸವನಹುಳುವಿನ ದುಂಡು ಚಿಪ್ಪು ಚೆನ್ನಾಗಿ ಒಪ್ಪುತ್ತದೆ. ಇನ್ನೊಂದು ಮೂಲವೂ ಇದೆ. ಬೆಂಗಳೂರಿನ ತೋಟಗಳಲ್ಲಿ, ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುತ್ತಿಗೆ ಹಾಕುವ ಆಫ್ರಿಕದ ದೈತ್ಯ ಬಸವನಹುಳು, ನಮ್ಮವರು ಶಂಖದ ಹುಳು ಎನ್ನುವುದು. ಅದರ ಮೂಲ ಪೂರ್ವ ಆಫ್ರಿಕದ ಕರಾವಳಿ. ವಿಲಿಯಂ ಬೆನ್ಸನ್ ಎಂಬ ಚಿಪ್ಪುಶಾಸ್ತ್ರಜ್ಞ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಕೆಲವು ಹುಳುಗಳಿಂದ ಭಾರತದಲ್ಲಿ ಅದರ ಹಾವಳಿ ಆರಂಭವಾಯಿತು. ಅದರ ಎಳೆಯ, ಎರಡು-ಎರಡೂವರೆ ಅಂಗುಲದ ಚಿಪ್ಪಿಗೆ ಮಲ್ಟಿ ಸಲೀಸಾಗಿ ಹೊಂದುತ್ತದೆ. ಆದರೆ ಈ ಹುಳು ಇಲಿಗಳಿಂದ ಬರುವ, ಮನುಷ್ಯರ ಮಿದುಳಿಗೂ ತಾಗುವ ಪರಾವಲಂಬಿ ಹುಳವನ್ನು ಹೊತ್ತಿರಬಹುದು. ಬರಿಗೈಯಲ್ಲಿ ಮುಟ್ಟದೆ, ಖಾಲಿ ಚಿಪ್ಪನ್ನಷ್ಟೇ ಆಯ್ದು, ಚೆನ್ನಾಗಿ ಕುದಿಸಿ, ಒಳಗಿನ ಕೊಳೆ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಯಾವ ಚಿಪ್ಪಾದರೂ ಅಷ್ಟೆ. ಒಳಗಿನ ಮೂಲೆಯಲ್ಲಿ ಉಳಿದ ಒಂದು ಚೂರು ಮಾಂಸ ಸಾಕು, ಹಿಂದೆ ಹೇಳಿದ ಅಮೋನಿಯ ತೊಟ್ಟಿ ತುಂಬಲು. ಕೀಟನಾಶಕ ಹೊಡೆದ ಗದ್ದೆ-ತೋಟದ ಚಿಪ್ಪು ತರಲೇಬಾರದು.

ಎಂಥ ಚಿಪ್ಪನ್ನು ಅವು ಇಷ್ಟಪಡುತ್ತವೆ ಎಂಬುದನ್ನು ಮೀನನ್ನೇ ಕೇಳಿದವರಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅನೀಶ್ ಬೋಸ್ ಮತ್ತು ಸಂಗಡಿಗರು ನಿಜವಾದ ಚಿಪ್ಪನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅದನ್ನು ಹಿಗ್ಗಿಸಿ, ಉದ್ದ ಮಾಡಿ, ಬಾಯಿ ಅಗಲಿಸಿ, ಕೆಲವಕ್ಕೆ ತೂತು ಮಾಡಿ 3ಡಿ ಮುದ್ರಣ ಯಂತ್ರದಲ್ಲಿ ಅಚ್ಚು ಹಾಕಿದರು. ಮಲ್ಟಿಗಳು ಎಲ್ಲಕ್ಕಿಂತ ಮೊದಲು ನೋಡಿದ್ದು ಚಿಪ್ಪು ಇಡಿಯಾಗಿದೆಯೇ ಎಂಬುದನ್ನು. ಆಮೇಲೆ ಉದ್ದ, ಆಮೇಲೆ ಬಾಯಿಯ ಅಗಲ. ನಿಸರ್ಗದಲ್ಲಿ ಎಲ್ಲೂ ಇಲ್ಲದಷ್ಟು ಹಿಗ್ಗಿಸಿದ ಚಿಪ್ಪುಗಳನ್ನೂ ಅವು ಖುಷಿಯಿಂದ ಆರಿಸಿಕೊಂಡವು. ಸಾಕುವವರಿಗೆ ಇದರಿಂದ ಸಿಗುವ ಸೂಚನೆ ಸರಳ: ತೂತಿರುವ, ಅಂಚು ಮುರಿದ ಚಿಪ್ಪನ್ನು ಅಲಂಕಾರಕ್ಕೆಂದು ಹಾಕುವುದು ವ್ಯರ್ಥ, ಮೀನು ಅದನ್ನು ಮನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಂಖ್ಯೆಯಲ್ಲಿ ಜಿಪುಣತನ ಬೇಡ. ತಲೆಗೆ ಮೂರು ಚಿಪ್ಪಾದರೂ ಇರಬೇಕು, ಆರು ಮೀನಿಗೆ ಇಪ್ಪತ್ತಿದ್ದರೆ ಒಳ್ಳೆಯದು. ಚಿಪ್ಪುಗಳು ಸಾಲದಾದರೆ ಸೋತ ಮೀನಿಗೆ ಅಡಗಲು ಜಾಗವಿಲ್ಲ. ಅದು ತೊಟ್ಟಿಯ ಮೇಲ್ಮೂಲೆಯಲ್ಲಿ, ಹೀಟರಿನ ಹಿಂದೆ ಬಾಲ ಹರಿದುಕೊಂಡು ನಿಂತಿರುತ್ತದೆ. ಅದು ರೋಗವಲ್ಲ, ಔಷಧದಿಂದ ಗುಣವಾಗುವುದಿಲ್ಲ. ಚಿಪ್ಪುಗಳನ್ನು ಮರಳಿನ ಮೇಲೆ ಗುಂಪಾಗಿ ಸುಮ್ಮನೆ ಚೆಲ್ಲಿದರೆ ಸಾಕು. ಮುಂದಿನ ಕೆಲಸ ಮೀನಿನದು. ನಾಲ್ಕಾರು ದಿನಗಳಲ್ಲಿ ನೀವು ಮಾಡಿದ ನೆಲದ ವಿನ್ಯಾಸ ಒಂದೂ ಉಳಿದಿರುವುದಿಲ್ಲ: ಇಲ್ಲಿ ತಗ್ಗು, ಅಲ್ಲಿ ದಿಬ್ಬ, ಗಾಜಿನ ತಳ ಕಾಣುವವರೆಗೆ ತೋಡಿದ ಗುಂಡಿಗಳು. ಅದನ್ನು ಮತ್ತೆ ಸಮ ಮಾಡಲು ಹೋಗಬಾರದು. ಆ ತಗ್ಗುದಿಬ್ಬಗಳೇ ಸರಹದ್ದುಗಳು. ಕೆಡಿಸಿದರೆ ಮುಗಿದ ಜಗಳಗಳೆಲ್ಲ ಮತ್ತೆ ಶುರುವಾಗುತ್ತವೆ.

ಲ್ಯಾಂಪ್ರೊಲೋಗಸ್ ಒಸೆಲ್ಲಾಟಸ್ ಸಾಕಿದರೆ ಬೇರೆ ಬಗೆಯ ಕಾಮಗಾರಿ ಕಾಣುತ್ತದೆ. ಕಿವಿರಿನ ಮುಚ್ಚಳದ ಮೇಲೆ ಕಣ್ಣಿನಂಥ ಬೊಟ್ಟಿರುವ ಈ ಮೀನು ಮಹಾ ಗಟ್ಟಿಗ. ತೊಟ್ಟಿಗೆ ಕೈ ಹಾಕಿದರೆ ಬೆರಳಿಗೇ ಹಾಯುತ್ತದೆ. ಅದು ಚಿಪ್ಪಿನ ಕೆಳಗಿನ ಮರಳು ಸರಿಸಿ ಚಿಪ್ಪನ್ನು ಕುಗ್ಗಿಸುತ್ತದೆ, ಮತ್ತೆ ತಿರುಗಿ ನಿಂತು ಬಾಲದಿಂದ ಮರಳು ಎರಚಿ ಹೂಳುತ್ತದೆ. ಕೊನೆಗೆ ಹೊರಗೆ ಕಾಣುವುದು ನೆಲಮಟ್ಟದಲ್ಲಿರುವ ಬಾಯಿ ಮಾತ್ರ. ಬಾಗಿಲು ಎಲ್ಲಿದೆ ಎಂದು ಮನೆಯವರಿಗಷ್ಟೇ ಗೊತ್ತು. ಇದು ಗುಂಪಿನ ಮೀನಲ್ಲ. ಎರಡಡಿ ತೊಟ್ಟಿಗೆ ಒಂದು ಗಂಡು, ಒಂದೆರಡು ಹೆಣ್ಣು ಸಾಕು.

ಆಹಾರ ಕಷ್ಟವಲ್ಲ. ಸರೋವರದಲ್ಲಿ ಇವು ನೀರಿನಲ್ಲಿ ತೇಲಿಬರುವ ಸಣ್ಣ ಕಠಿಣಚರ್ಮಿಗಳನ್ನು ಹೆಕ್ಕಿ ತಿನ್ನುತ್ತವೆ. ಆರ್ಟೀಮಿಯಾ ಮರಿ, ಡಾಫ್ನಿಯಾ, ಪುಡಿ ಮಾಡಿದ ಒಳ್ಳೆಯ ಒಣ ಆಹಾರ ಸಾಕು. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆರಡು ಸಲ ಹಾಕಬೇಕು.

ಮೊಟ್ಟೆಯಿಟ್ಟದ್ದು ನಮಗೆ ತಿಳಿಯುವುದು ತಡವಾಗಿ. ಹೆಣ್ಣು ಚಿಪ್ಪಿನ ಬಾಯಿ ಬಿಟ್ಟು ಕದಲುವುದಿಲ್ಲ, ಬಾಲ ಬೀಸಿ ಒಳಕ್ಕೆ ನೀರು ಹಾಯಿಸುತ್ತಿರುತ್ತದೆ, ಅಷ್ಟೆ. ಒಳಗೆ ನಡೆಯುವುದು ಯಾರಿಗೂ ಕಾಣದು. ಮ್ಯೂನಿಕ್ ಬಳಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಹೆರ್ವಿಗ್ ಬೈಯರ್ ತಂಡ ಇದಕ್ಕೂ 3ಡಿ ಮುದ್ರಣದ ಮೊರೆಹೋಯಿತು: ಒಸೆಲ್ಲಾಟಸ್‌ಗೆ ಒಂದು ಬದಿ ತೆರೆದ ಚಿಪ್ಪು ಮಾಡಿಕೊಟ್ಟು ಒಳಗಿನ ದೃಶ್ಯವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಎಳೆಯ ಮರಿಗಳು ಬೆಳಕಿನಿಂದ ದೂರ ಸರಿದು ಸುರುಳಿಯ ಕತ್ತಲಿನಲ್ಲೇ ಉಳಿಯುತ್ತವೆ. ಒಂಬತ್ತು ದಿನಗಳ ಹೊತ್ತಿಗೆ ಅವುಗಳ ಸ್ವಭಾವ ತಿರುಗಿ ಬೆಳಕಿನತ್ತ ಹೊರಡುತ್ತವೆ. ಕಾಲಕ್ಕೆ ಮೊದಲೇ ಹೊರಬಂದ ಮರಿಯನ್ನು ತಾಯಿ ಬಾಯಲ್ಲಿ ಹಿಡಿದು ಒಳಗೆ ಬಿಡುತ್ತದೆ.

ಮಲ್ಟಿಯ ಮರಿಗಳು ಹೊರಬಂದರೂ ದೂರ ಹೋಗುವುದಿಲ್ಲ. ಚಿಪ್ಪಿನ ತುಟಿಯ ಮೇಲೆ ಅಕ್ಕಿನುಚ್ಚಿಗಿಂತ ಚಿಕ್ಕ ಮೀನುಗಳು ಒಂದೇ ಕಡೆ ಮುಖಮಾಡಿ ನಿಂತಿರುತ್ತವೆ, ನೆರಳು ಬಿದ್ದರೆ ಒಳಗೆ ಮಾಯ. ಮರಿಗಳನ್ನು ಬೇರೆ ತೊಟ್ಟಿಗೆ ಹಾಕುವ ಅಗತ್ಯವಿಲ್ಲ. ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಅಕ್ಕ-ಅಣ್ಣಂದಿರ ನಡುವೆ ತಂಗಿ-ತಮ್ಮಂದಿರು ಬೆಳೆಯುವ ಈ ವ್ಯವಸ್ಥೆಯನ್ನು ಮುರಿದರೆ ಸಾಕುವುದರ ಅರ್ಧ ಸುಖ ಹೋಗುತ್ತದೆ. ತೊಟ್ಟಿ ತುಂಬುವ ಕಾಲವೂ ಬರುತ್ತದೆ. ಆಗ ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು. ಕೊಡುವಾಗ ಪ್ರಭೇದದ ಹೆಸರು ಸರಿಯಾಗಿ ಹೇಳಿ ಕೊಡಬೇಕು, ಏಕೆಂದರೆ ಪಟ್ಟೆಗಳು ತಲೆಯವರೆಗೂ ಇರುವ ಸಿಮಿಲಿಸ್ ಎಂಬ ಇನ್ನೊಂದು ಪ್ರಭೇದ ಮಲ್ಟಿಯನ್ನು ಬಹಳ ಹೋಲುತ್ತದೆ, ಎರಡನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸಬಾರದು. ಕೆರೆ-ಹೊಳೆಗಳಿಗಂತೂ ಯಾವ ಕಾರಣಕ್ಕೂ ಬಿಡಬಾರದು. ಹೊರಗಿನ ಸಿಕ್ಲಿಡ್ ಒಂದು ಊರಿನ ನೀರಿಗೆ ಬಂದರೆ ಏನಾಗುತ್ತದೆಂದು ಜಿಲೇಬಿ ತುಂಬಿದ ನಮ್ಮ ಕೆರೆಗಳೇ ತೋರಿಸುತ್ತಿವೆ.

ಮೀನನ್ನು ಹಿಡಿಯಲು ಬಲೆ ಹಿಡಿದು ತೊಟ್ಟಿ ಕಲಕಬೇಕಿಲ್ಲ. ಹೆದರಿದ ಮೀನು ನೇರ ತನ್ನ ಚಿಪ್ಪಿಗೆ ಹೋಗುತ್ತದೆ, ಆ ಚಿಪ್ಪನ್ನೇ ಎತ್ತಿಕೊಂಡರಾಯಿತು. ತೊಟ್ಟಿಯದೇ ನೀರು ತುಂಬಿದ ಅಗಲ ಪಾತ್ರೆಯ ಮೇಲೆ ಚಿಪ್ಪನ್ನು ಬಾಯಿ ಕೆಳಗಾಗುವಂತೆ ಹಿಡಿದು ಮೆಲ್ಲಗೆ ಓರೆ ಮಾಡುತ್ತ ಹೋದರೆ ಒಳಗಿನ ನೀರಿನ ಜೊತೆ ಮೀನೂ ಜಾರುತ್ತದೆ. ಕುಲುಕಬಾರದು, ತಟ್ಟಬಾರದು. ಬರದಿದ್ದರೆ ಚಿಪ್ಪನ್ನು ಪಾತ್ರೆಯಲ್ಲೇ ಬಿಟ್ಟು ಅದಾಗಿಯೇ ಬರುವವರೆಗೆ ಕಾಯಬೇಕು. ದೂರದೂರಿಗೆ ಕಳಿಸುವಾಗ ಚಿಪ್ಪಿನಿಂದ ಹೊರತೆಗೆದೇ ಚೀಲಕ್ಕೆ ಹಾಕಬೇಕು, ಉರುಳಾಡುವ ಚಿಪ್ಪು ಮೀನನ್ನು ಗಾಯಗೊಳಿಸುತ್ತದೆ. ಆದರೆ ಅದರ ಚಿಪ್ಪನ್ನು ಪಕ್ಕದಲ್ಲೇ ಬೇರೆ ಕಟ್ಟಿ ಕೊಡಿ. ಹೊಸ ತೊಟ್ಟಿಗೆ ಮೊದಲು ಚಿಪ್ಪು ಇಳಿಯಲಿ, ಆಮೇಲೆ ಮೀನು.